ಪುಷ್ಪಕ್‌ಗೆ ಬಳಿದ ಬಣ್ಣ

ಯಾವ ಅಂಗಿ ಹಾಕಿಕೊಳ್ಳಲಿ ಎಂದು ಮಹಮ್ಮದ್ ಹನೀಫ ಜೀವಮಾನದಲ್ಲಿ ಯಾರನ್ನೂ ಕೇಳಿದವನಲ್ಲ. ಹೆಂಡತಿ ಅನೀಸ ಇಸ್ತ್ರಿ ಮಾಡಿ ಮಂಚದ ಮೇಲೆ ಇಟ್ಟಿದ್ದನ್ನು ತೊಟ್ಟುಕೊಂಡು ಮೆಣಸಿನಕಾಯಿ ಅಂಗಡಿಗೆ ಹೋಗುವುದು ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ. ಇದಕ್ಕಾಗಿ ಬ್ಯಾಡಗಿ ಪೇಟೆಯ ಗೆಳೆಯರು ಅವನನ್ನು ಹೆಂಡತಿಯ ಗುಲಾಮ ಎಂದು ಕಾಡಿಸುತ್ತಿದ್ದರು. ಅವನೂ ನಗುತ್ತ ಒಪ್ಪಿಕೊಳ್ಳುತ್ತಿದ್ದ, ಏಕೆಂದರೆ ನಿಜವಾದ ಕಾರಣಕ್ಕಿಂತ ಆ ಹೆಸರು ಎಷ್ಟೋ ವಾಸಿಯಾಗಿತ್ತು. ಇವತ್ತು ಪೇಟೆ ಇಲ್ಲದ ದಿನ. ಹಲಗೇರಿಯ ಹತ್ತಿರ ಅವನು ಕೊಂಡ ಹಳೆಯ ವಿಮಾನ, ದುರಸ್ತಿಯಾದ ಮೇಲೆ, ಇವತ್ತು ಮೊದಲ ಸಲ ನೆಲ ಬಿಡಬೇಕು. ಇಂಥ ದಿನ ಮನುಷ್ಯನಿಗೆ ಹೊಟ್ಟೆಯಲ್ಲಿ ಖುಷಿ ಕುಣಿಯಬೇಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಅಂಗಿಯ ಗುಂಡಿ ಹಾಕಿಕೊಂಡ. ಒಂದು ಗುಂಡಿ ತಪ್ಪಿ ಹೋಗಿತ್ತು, ಮತ್ತೆ ಎಲ್ಲ ಬಿಚ್ಚಿ ಮೊದಲಿನಿಂದ ಹಾಕಿದ. ಅನೀಸ ಉಪ್ಪಿಟ್ಟಿನ ತಾಟು ತಂದಿಟ್ಟಳು. ಅದರಲ್ಲಿ ಉಪ್ಪಿರಲಿಲ್ಲ. ಒಂದು ತಿಂಗಳಿಂದ ಮನೆಯ ಪಲ್ಯ, ಸಾರು, ಮಜ್ಜಿಗೆ ಯಾವುದರಲ್ಲೂ ಅವನ ಪಾಲಿಗೆ ಉಪ್ಪಿಲ್ಲ. ವಿಮಾನ ಓಡಿಸುವ ಲೈಸೆನ್ಸಿಗೆ ಡಾಕ್ಟರು ಯಾಕೆ ಒಪ್ಪಲಿಲ್ಲ ಎಂದು ಅವಳು ಕೇಳಿದ್ದಕ್ಕೆ, ಬಿ.ಪಿ. ಜಾಸ್ತಿ ಐತಂತ ಎಂದುಬಿಟ್ಟಿದ್ದ. ಆಡಿದ ಸುಳ್ಳನ್ನು ಈಗ ದಿನಕ್ಕೆ ಮೂರು ಹೊತ್ತು ಸಪ್ಪಗೆ ಉಣ್ಣುತ್ತಿದ್ದ.

ಪೈಲಟ್ ಆಗಹೊರಟವನು ಎಲ್ಲಕ್ಕೂ ಮೊದಲು ಮಾಡಿಸಬೇಕಾದ ಆ ತಪಾಸಣೆಯನ್ನು ಅವನು ವಿಮಾನ ಕೊಂಡು, ದುರಸ್ತಿ ಮಾಡಿಸಿ, ಬಣ್ಣವನ್ನೂ ಬಳಿಸಿದ ಮೇಲೆ ಕೊನೆಗೆ ಇಟ್ಟುಕೊಂಡಿದ್ದ. ಯಾಕೆ ಎಂದು ಒಳಗೊಳಗೆ ಗೊತ್ತಿತ್ತು. ಬೆಂಗಳೂರಿನ ಆ ತಣ್ಣನೆಯ ಕೋಣೆಯಲ್ಲಿ ಡಾಕ್ಟರು ಒಂದು ಪುಸ್ತಕ ಬಿಡಿಸಿ ಇಟ್ಟಿದ್ದರು. ಪುಟದ ತುಂಬ ಬಣ್ಣದ ಚುಕ್ಕೆಗಳು. "ಇದರಲ್ಲಿ ಯಾವ ನಂಬರ್ ಕಾಣ್ಸುತ್ತೆ ಹೇಳಿ" ಎಂದರು. ಹನೀಫನಿಗೆ ಕಂಡದ್ದು ನೆಲದ ಮೇಲೆ ಚೆಲ್ಲಿದ ಮೆಣಸಿನ ಬೀಜ. ಇನ್ನೊಂದು ಪುಟ, ಮತ್ತೂ ಬೀಜ. ಕೈ ತಾನಾಗಿಯೇ ಪುಸ್ತಕವನ್ನೆತ್ತಿ ಮೂಗಿನ ಹತ್ತಿರ ಒಯ್ದಿತ್ತು! ಡಾಕ್ಟರು ಕನ್ನಡಕದ ಮೇಲಿಂದ ನೋಡಿ, ನಗು ತಡೆದುಕೊಂಡು, "ಏನು ವ್ಯಾಪಾರ ನಿಮ್ಮದು?" ಎಂದು ಕೇಳಿದರು. ಅಪ್ಪನ ಕಾಲದಿಂದ ಹೆಮ್ಮೆಯಿಂದ ಹೇಳಿಕೊಂಡು ಬಂದ ಉತ್ತರವನ್ನು ಬಿಟ್ಟು ಆ ಹೊತ್ತಿನಲ್ಲಿ ಅವನು ಜವಳಿ ಅಂಗಡಿಯವನಾದ. "ಬಟ್ಟಿ ವ್ಯಾಪಾರ್ರಿ" ಎಂದ. ಫೇಲಾದದ್ದಕ್ಕಿಂತ ಆ ಎರಡು ಮಾತು ಅವನಿಗೆ ಹೆಚ್ಚು ನೋಯುತ್ತಿತ್ತು. ಅನ್ನ ಹಾಕಿದ ಕಾಯಿಯನ್ನು ಒಂದು ಪುಸ್ತಕದ ಎದುರು ನನ್ನದಲ್ಲ ಎಂದ ಹಾಗಾಗಿತ್ತು.

ಕೆಂಪೂ ಹಸಿರೂ ಅವನ ಕಣ್ಣಿಗೆ ಒಂದೇ. ಬೇರೆ ಯಾವುದಾದರೂ ಊರಲ್ಲಿ ಬೇರೆ ಯಾವುದಾದರೂ ವ್ಯಾಪಾರ ಮಾಡುವವನಿಗೆ ಇದೊಂದು ದೊಡ್ಡ ಮಾತಲ್ಲ. ಆದರೆ ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ಬಣ್ಣ ತಿಳಿಯದ ದಲಾಲನ ಹತ್ತಿರ ಯಾವ ರೈತ ಚೀಲ ಇಳಿಸುತ್ತಾನೆ? ಸಣ್ಣವನಿದ್ದಾಗ ಅಪ್ಪ ಕಾಯಿಯ ರಾಶಿಯ ಮುಂದೆ ಕೂರಿಸಿ, ಹಣ್ಣಾಗದ ಕಾಯಿ ತೆಗೆದು ಹಾಕು ಎಂದಿದ್ದ. ಹನೀಫ ಮಧ್ಯಾಹ್ನದವರೆಗೂ ಕೂತು ಒಳ್ಳೆಯದನ್ನೆಲ್ಲ ತೆಗೆದು ಹಾಕಿದ್ದ. ಮೈಗಳ್ಳ ಎಂದು ಅಪ್ಪ ಹಮಾಲರ ಎದುರಿಗೇ ಕಿವಿ ಹಿಂಡಿದ್ದ. ಆ ಸಂಜೆ ಅವ್ವ ಅಮೀರಬಿ ಪಕ್ಕ ಕೂತು, ಮಗನ ಕಣ್ಣಿನ ಸಂಗತಿ ಗೊತ್ತಿತ್ತೋ ಇಲ್ಲವೋ, ಒಂದು ಕಾಯಿ ಮುರಿದು ಅವನ ಮೂಗಿಗೆ ಹಿಡಿದಳು. ಹಣ್ಣಾದ ಕಾಯಿ ಒಣದ್ರಾಕ್ಷಿಯ ಹಾಗೆ ಸಿಹಿ ಘಮ ಬಿಡುತ್ತದೆ, ಆಗದ್ದು ಹುಲ್ಲಿನ ಹಾಗೆ. ಆಮೇಲೆ ಅವನು ತೊಟ್ಟು ಬಗ್ಗಿಸಿ, ಬೀಜ ಕುಲುಕಿ ಕೇಳಿ, ಸುಕ್ಕಿನ ಮೇಲೆ ಹೆಬ್ಬೆರಳು ಆಡಿಸಿ, ಕೊನೆಗೆ ಸುಮ್ಮನೆ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುವ ನಾಟಕವನ್ನೂ ಕಲಿತ. ಹನೀಫಣ್ಣನ ಕಣ್ಣಿಗೆ ಮೋಸ ಮಾಡಲಾಗದು ಎಂದು ಪೇಟೆಯಲ್ಲಿ ಹೆಸರಾಯಿತು. ಒಂದು ನಿಯಮವನ್ನು ಮಾತ್ರ ಅವನು ನಮಾಜಿಗಿಂತ ಕಟ್ಟುನಿಟ್ಟಾಗಿ ಪಾಲಿಸಿದ: ಯಾವ ಬಣ್ಣದ ಹೆಸರನ್ನೂ ತಾನಾಗಿ ಬಾಯಲ್ಲಿ ತರುವುದಿಲ್ಲ.

ಮೋಟೆಬೆನ್ನೂರು ದಾಟಿ ಕಾರು ಹೈವೇ ಹಿಡಿದಾಗ ಅನೀಸ ಪಕ್ಕದಲ್ಲಿ ಕೂತು ಸಂಚಿಯಿಂದ ಅಡಿಕೆ ಹೋಳು ಆರಿಸುತ್ತಿದ್ದಳು. ಅವಳು ಹಾವೇರಿ ಸ್ಟೇಷನ್ ಓಣಿಯವಳು. ಮನೆಯಲ್ಲಿ ಉರ್ದು ಆಡಿದರೂ, ಗಂಡನನ್ನು ಕೆಣಕುವುದಿದ್ದರೆ ಕನ್ನಡಕ್ಕೆ ಇಳಿಯುವಳು. "ನಿಮ್ಮ ಸವತಿ ಇವತ್ತರೆ ಹಾರತಾಳಿಲ್ರಿ?" ಎಂದಳು. "ನಿನ್ನ ಸವತಿ ಅನ್ನು, ನನ್ನ ಸವತಿ ಹೆಂಗ ಆಗ್ತಾಳ" ಎಂದ. "ನನಗ ಆಕಿ ಮಗಳ ಇದ್ದಂಗ. ರಾತ್ರಿ ಆಕಿ ಹೆಸರು ಹೇಳಿ ಕನವರಿಸಾವ್ರು ನೀವು." ಅವನು ನಕ್ಕ. ನಗುತ್ತಿರುವಾಗಲೇ, ಇವಳಿಗೆ ನಿಜ ಹೇಳಿಬಿಡಲೇ ಎಂಬ ಆಸೆ ಒಂದು ಕ್ಷಣ ಎದ್ದಿತು. ಮುಂದೆ ಲಾರಿಯೊಂದು ಅಡ್ಡ ಬಂತು, ಬ್ರೇಕು ಹಾಕಿದ, ಆಸೆ ಹಿಂದೆ ಬಿತ್ತು.

ಅವಳನ್ನು, ಅಂದರೆ ವಿಮಾನವನ್ನು, ಅವನು ಮೊದಲು ಕಂಡದ್ದು ಬಾಗಿಲು ಮುಚ್ಚಿದ ಒಂದು ಹಾರಾಟದ ಕ್ಲಬ್ಬಿನ ಶೆಡ್ಡಿನಲ್ಲಿ. ಮೆಣಸಿನಕಾಯಿಯ ಬಾಕಿ ಕೇಳಲು ಆ ಊರಿಗೆ ಹೋಗಿ, ಹಳೆಯ ಸಾಮಾನು ಹರಾಜಿಗಿದೆ ಎಂದು ಯಾರೋ ಹೇಳಿದ್ದಕ್ಕೆ ತಗಡು ಸಿಕ್ಕೀತೆಂದು ಇಣುಕಿದ್ದ. ಅರವತ್ತರ ದಶಕದಲ್ಲಿ ಬೆಂಗಳೂರಲ್ಲಿ ತಯಾರಾದ ಪುಷ್ಪಕ್. ಇಬ್ಬರು ಕೂರುವಷ್ಟೇ ಜಾಗ. ರೆಕ್ಕೆಗೆ ತಗಡಲ್ಲ, ಬಟ್ಟೆ. ಮುಂದೆ ಎರಡು ಗಾಲಿ, ಮೂರನೆಯದು ಬಾಲದ ಕೆಳಗೆ ಅಂಗೈಯಷ್ಟು ಸಣ್ಣದು. ಅದರಿಂದಾಗಿ ಅವಳು ನಿಂತಲ್ಲೇ ಮೂಗು ಮೇಲೆತ್ತಿಕೊಂಡು, ಹೆಗ್ಗಣ ತಿಂದ ರೆಕ್ಕೆ, ಹಕ್ಕಿಯ ಹಿಕ್ಕೆ ಬಿದ್ದ ಗಾಜು ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಕೂತಿದ್ದಳು. ಸೊಸೆಯರೆಲ್ಲ ಎದುರುತ್ತರ ಕೊಟ್ಟರೂ ಗತ್ತು ಬಿಡದ ಮುದುಕಿಯ ಹಾಗೆ. ಹನೀಫ ಹತ್ತಿರ ಹೋಗಿ ರೆಕ್ಕೆಯ ಬಟ್ಟೆಯನ್ನು ಮೂಸಿದ. ಎಣ್ಣೆ, ಧೂಳು, ಹಳೆಯ ಬಣ್ಣದ ಘಾಟು, ಅದರಡಿಯಲ್ಲಿ ಒಣಗಿದ ಹತ್ತಿಯ ವಾಸನೆ. ಅಷ್ಟು ವಾಸನೆಗಳನ್ನು ಒಟ್ಟಿಗೆ ಇಟ್ಟುಕೊಂಡ ಇನ್ನೊಂದು ಜೀವವನ್ನು ಅವನು ಕಂಡಿರಲಿಲ್ಲ. ಹರಾಜಿನಲ್ಲಿ ಎದುರಾಳಿಯೇ ಇರಲಿಲ್ಲ. ಆದರೂ ಅವನು ಹಟಕ್ಕೆ ಬಿದ್ದವನಂತೆ ತಾನು ಕೂಗಿದ ಬೆಲೆಯನ್ನು ತಾನೇ ಏರಿಸಿದ್ದನ್ನು ಅಲ್ಲಿಯ ಗುಮಾಸ್ತರು ಇನ್ನೂ ಹೇಳಿಕೊಂಡು ನಗುತ್ತಿರಬಹುದು. ಲಾರಿಯ ಮೇಲೆ ರೆಕ್ಕೆ ಬೇರೆ, ಮೈ ಬೇರೆ ಮಾಡಿ ತಂದಾಗ ಬ್ಯಾಡಗಿಯ ಜನ ಮದುವೆ ದಿಬ್ಬಣ ನೋಡುವಂತೆ ರಸ್ತೆಗೆ ಬಂದಿದ್ದರು. ರೆಕ್ಕೆಗಳು ಎರಡು ಮಳೆಗಾಲ ಅವನ ಗೋದಾಮಿನಲ್ಲಿ ಡಬ್ಬಿ ಜಾತಿಯ ಮೆಣಸಿನಕಾಯಿಯ ಚೀಲಗಳ ಮೇಲೆ ಮಲಗಿದ್ದವು, ಮೈ ಅವುಗಳ ಪಕ್ಕ.

ಆಮೇಲೆ ಬಣ್ಣ. ರಾಣೆಬೆನ್ನೂರಿನ ಅಂಗಡಿಯಲ್ಲಿ ಬಣ್ಣದ ಮಾದರಿಯ ಹಾಳೆ ಬಿಚ್ಚಿದಾಗ ಹನೀಫನಿಗೆ ಬೇಕಾದದ್ದು ಒಂದೇ: ಬ್ಯಾಡಗಿ ಕಾಯಿಯ ಕಡುಗೆಂಪು. ಬಾಯಿಬಿಟ್ಟು ಹೇಳಿದ್ದರೆ ಅಂಗಡಿಯ ಹುಡುಗನೂ ತೆಗೆದುಕೊಡುತ್ತಿದ್ದ. ಆದರೆ ಹೆಸರು ಹೇಳಬಾರದೆಂಬ ನಿಯಮ. ಅವನು ತನ್ನ ಕಣ್ಣಿಗೆ ಮಾಗಿದ ಕಾಯಿಯ ಹಾಗೇ ಕಂಡ ಒಂದು ಚೌಕದ ಮೇಲೆ ಬೆರಳಿಟ್ಟು, "ಇದು" ಎಂದ. "ಇದನ್ನ?" "ಹೌದು, ಇದನ್ನ." ಬಳಿದು ಮುಗಿದ ದಿನ ಪಕ್ಕದ ಅಂಗಡಿಯ ರುದ್ರಮುನಿಯನ್ನು ಕರೆದುಕೊಂಡು ಹೋಗಿ, "ಹೆಂಗ ಐತಿ ಬಣ್ಣ?" ಎಂದು ಕೇಳಿದ್ದ. ರುದ್ರಮುನಿ ಸ್ವಲ್ಪ ಹೊತ್ತು ನೋಡಿ, ಬಹಳ ಗಂಭೀರವಾಗಿ, "ಭಾರಿ ಒಪ್ಪೈತಿ" ಎಂದಿದ್ದ. ಅನೀಸ, "ಛಂದ ಕಾಣ್ತದ" ಎಂದಿದ್ದಳು. ಒಂದು ವರ್ಷದಿಂದ ಯಾರೇ ಬರಲಿ, ಅವನು ಅದೇ ಪ್ರಶ್ನೆ ಕೇಳುವನು, ಅವರು ಅದೇ ಉತ್ತರ ಹೇಳುವರು. ತನ್ನ ಊರಿನ ಕೆಂಪು ಇನ್ನು ಆಕಾಶದಲ್ಲೂ ಇರುತ್ತದೆ ಎಂದುಕೊಂಡಾಗ ಅವನಿಗೆ ಎದೆ ತುಂಬಿ ಬರುತ್ತಿತ್ತು.

ಮುಚ್ಚಿಹೋದ ಬೀಜದ ಕಂಪನಿಯೊಂದು ಹಿಂದೆಂದೋ ಮಾಡಿಸಿದ್ದ ರನ್‌ವೇ ಹಲಗೇರಿಯಾಚೆ ಗೋವಿನಜೋಳದ ಹೊಲಗಳ ನಡುವೆ ಇತ್ತು. ಅವರು ಮುಟ್ಟುವ ಹೊತ್ತಿಗೆ ಕ್ಯಾಪ್ಟನ್ ಸುರೇಖಾ ಆಗಲೇ ಶೆಡ್ಡಿನಿಂದ ವಿಮಾನ ಹೊರಗೆ ಎಳೆಸಿ, ಬಾಲ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದಳು. ಧಾರವಾಡದ ಕಡೆಯ ಹೆಣ್ಣು. ಇಂಥ ಹಳೆಯ ವಿಮಾನಗಳನ್ನು ಪರೀಕ್ಷೆಗೆ ಹಾರಿಸುವ ಪರವಾನಗಿ ಇದ್ದವಳು. ಮೊದಲ ಹಾರಾಟ ಅವಳೊಬ್ಬಳದೇ. ಬಿ.ಪಿ. ಇಳಿದ ಮೇಲೆ ಹನೀಫ ಕಲಿಯುತ್ತಾನೆ ಎಂದು ಎಲ್ಲರೂ ತಿಳಿದಿದ್ದರು. ರುದ್ರಮುನಿ ಥರ್ಮಾಸಿನಲ್ಲಿ ಚಹಾ, ಬುಟ್ಟಿಯಲ್ಲಿ ತೆಂಗಿನಕಾಯಿ, ನಿಂಬೆಹಣ್ಣು ತಂದು ಕಾಯುತ್ತಿದ್ದ. ಸುರೇಖಾ ಒಳಗೆ ಕೂತು ಬಾಗಿಲು ಹಾಕಿದವಳೇ ನಾಲ್ಕಾರು ಸಲ ಸೀನಿದಳು.

"ಏನ್ರಿ ಸಾಹೇಬ್ರ ಇದು, ವಿಮಾನ ಅಂತ ಹೇಳಿ ಒಗ್ಗರಣಿ ಡಬ್ಬಿ ಕೊಟ್ಟೀರಲ್ಲ!"

"ಗೋದಾಮಿನ್ಯಾಗ ಇತ್ತಲ್ರಿ ಮೇಡಂ, ವಾಸನಿ ಹೋಗಂಗಿಲ್ಲ" ಎಂದ ಹನೀಫ, ಮಗಳ ತಂಟೆ ಹೇಳಿಸಿಕೊಂಡ ತಂದೆಯ ಹಾಗೆ ಹಿಗ್ಗಿ.

ಅವಳು ಕೆಳಗಿಳಿದು ಮೂಗು ಒರೆಸಿಕೊಂಡು ಅವನಿಗೆ ವಿವರಿಸತೊಡಗಿದಳು. ಇದರ ಮೂಗು ಮೇಲಿರುವುದರಿಂದ ನೆಲದ ಮೇಲೆ ಓಡಿಸುವಾಗ ಮುಂದಿನ ದಾರಿ ಕಾಣುವುದೇ ಇಲ್ಲ. ಆಚೆ ಈಚೆ ತಿರುವುತ್ತ, ಓರೆಗಣ್ಣಿನಿಂದ ನೋಡುತ್ತ ಹೋಗಬೇಕು. ಸ್ವಲ್ಪ ಮೈಮರೆತರೂ ಬಾಲ ಮುಂದಕ್ಕೆ ಬಂದು ನಮ್ಮನ್ನು ಬಂದ ದಾರಿಗೇ ತಿರುಗಿಸಿ ನಿಲ್ಲಿಸುತ್ತದೆ. ಹನೀಫ ತಲೆಯಾಡಿಸಿದ. ಮುಂದೆ ಕಾಣದೆ ಓಡಿಸುವುದು ಅವನಿಗೆ ಹೊಸದೇನಲ್ಲ. ಸಿಗ್ನಲ್ಲಿನಲ್ಲಿ ಮೇಲಿನ ದೀಪಕ್ಕೆ ನಿಲ್ಲಬೇಕು, ಕೆಳಗಿನದಕ್ಕೆ ಹೋಗಬೇಕು ಎಂದು ಜಾಗ ನೋಡಿಯೇ ಗಾಡಿ ಓಡಿಸಿದವನು ಅವನು. ಹೀಗೆ ಯೋಚಿಸುತ್ತಿದ್ದಾಗಲೇ ಸುರೇಖಾ ರೆಕ್ಕೆಯ ಮೇಲೆ ಅಂಗೈಯಿಟ್ಟು, "ಒಂದ ಮಾತು ಕೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದಳು. "ಇಂಥಾ ಹಸರು ಬಣ್ಣ ಯಾಕ ಹಚ್ಚಿಸಿದ್ರಿ? ನಾಳೆ ಎಂಜಿನ್ ನಿಂತು ಈ ಗೋವಿನಜೋಳದಾಗ ಇಳಿಸೋ ಪ್ರಸಂಗ ಬಂತಂದ್ರ, ಮ್ಯಾಲಿಂದ ಹುಡುಕವ್ರಿಗೆ ನಾವು ಕಾಣೂದ ಇಲ್ಲ."

ಹನೀಫ ರೆಕ್ಕೆಯನ್ನು ನೋಡಿದ. ಅದು ನಿನ್ನೆ ಇದ್ದ ಹಾಗೆಯೇ ಇತ್ತು. ಅವನು ಪ್ರೀತಿಸಿದ ಮಾಗಿದ ಕಾಯಿಯ ಬಣ್ಣ ಇನ್ನೂ ಅಲ್ಲೇ ಇತ್ತು, ಆದರೆ ಅದು ಅವನೊಬ್ಬನ ಕಣ್ಣಿನೊಳಗಿತ್ತು. ಹೊಲದ ಮೇಲಿನ ಗಾಳಿ, ದೂರದ ಪಂಪಿನ ಸದ್ದು, ರುದ್ರಮುನಿಯ ಕೈಯಲ್ಲಿ ಅರ್ಧ ತೆರೆದ ಥರ್ಮಾಸು. ಕಿವಿ ಸುಡುತ್ತಿತ್ತು, ಅಪ್ಪ ಈಗಷ್ಟೇ ಹಿಂಡಿದ ಹಾಗೆ.

ಮೊದಲು ಬಾಯಿಬಿಟ್ಟವನು ರುದ್ರಮುನಿ. "ಮೇಡಂ, ಅದು ಅವರ ಭಾವನಾದ ಬಣ್ಣ ಐತ್ರಿ. ದರ್ಗಾಕ್ಕ ಚಾದರ ಹೊಚ್ಚಿದಂಗ. ಯಾಕ ಅಂತ ನಾವು ಕೇಳಬಾರ್ದು." ಅವನ ದನಿ ಒರಟಾಗಿತ್ತು. "ಇದ ಮಾತಿಗೆ ನನ್ನ ತಮ್ಮನ ಮಗನ ಕೂಡ ಜಗಳಾಡೇನಿ. ಹಸರ ಯಾಕ ಬೇಕಿತ್ತು, ಇವ್ರದು ಎಲ್ಲಾದರಾಗೂ ಇದ ಆತು ಅಂದ. ಅವನ ವಿಮಾನ, ಅವನ ದೇವರು, ನಿನಗೇನಲೇ ತ್ರಾಸು ಅಂತ ಹೊಸ್ತಲ ದಾಟಿಸಿ ಕಳಸೇನಿ. ಯುಗಾದಿಗೆ ಸೈತ ಬಂದಿಲ್ಲ ಅವ. ನೀ ಏನೂ ಮನಸ್ಸಿಗೆ ಹಚ್ಕೋಬ್ಯಾಡೋ ಹನೀಫಾ."

ಆಗ ಹನೀಫನಿಗೆ ಒಂದು ವರ್ಷದ ಆ ಗಂಭೀರ ಮುಖಗಳೆಲ್ಲ ಅರ್ಥವಾದವು. ಭಾರಿ ಒಪ್ಪೈತಿ ಎಂದವರೆಲ್ಲ ಅವನ ದೇವರಿಗೆ ಮರ್ಯಾದೆ ಕೊಟ್ಟಿದ್ದರು. ಬಣ್ಣದ ಹೆಸರನ್ನು ಅವನು ಭಯದಿಂದ ಆಡಲಿಲ್ಲ, ಅವರು ಸಂಕೋಚದಿಂದ ಆಡಲಿಲ್ಲ. ಮತ್ತು ಈಗ ಎಂಥ ಸುಲಭದ ದಾರಿ ತೆರೆದು ಬಿದ್ದಿತ್ತು! ಹೌದು, ನಮ್ಮ ಬಣ್ಣ, ಎಂದುಬಿಟ್ಟರೆ ಮುಗಿಯಿತು. ಇವತ್ತು ಹಾರಾಟ ಆಗಲಿ, ನಾಳೆ ಬಿ.ಪಿ.ಯ ನೆಪದಲ್ಲಿ ವಿಮಾನ ಮಾರಿದರಾಯಿತು. ಪೇಟೆಯಲ್ಲಿ ಅವನ ಕಣ್ಣು ಕಣ್ಣಾಗಿಯೇ ಉಳಿಯುತ್ತದೆ. ಬಾಯಿಯವರೆಗೂ ಬಂತು ಮಾತು. ರುದ್ರಮುನಿಯ ಆ ತಮ್ಮನ ಮಗನನ್ನು ಹನೀಫ ಎತ್ತಿ ಆಡಿಸಿದ್ದ. ಗಂಡು ಮಕ್ಕಳಿಲ್ಲದ ರುದ್ರಮುನಿಗೆ ಅವನೇ ಮನೆಯ ದೀಪ. ಇಲ್ಲದ ಭಕ್ತಿಯೊಂದಕ್ಕಾಗಿ ಈ ಮನುಷ್ಯ ತನ್ನ ಮನೆಯ ದೀಪವನ್ನು ಹೊರಗೆ ಕಳಿಸಿ, ಅದನ್ನು ಇಷ್ಟು ದಿನ ಬಾಯಿಬಿಡದೆ, ದಿನವೂ ಅವನ ಅಂಗಡಿಗೆ ಬಂದು ಚಹಾ ಕುಡಿದು ಹೋಗಿದ್ದ. ಹನೀಫನಿಗೆ ಅಳು ಬಂದಂತಾಯಿತು. ದೇವರ ಹೆಸರಲ್ಲಿ ಇವನಿಗೆ ಸುಳ್ಳು ಹೇಳಿದರೆ ಆ ದೇವರೂ ಕ್ಷಮಿಸಲಿಕ್ಕಿಲ್ಲ ಎನ್ನಿಸಿತು.

"ರುದ್ರಮುನಿ, ನಾ ಅದನ್ನ ಕೆಂಪು ಅಂತ ತಿಳಕೊಂಡು ಹಚ್ಚಿಸೇನಿ."

"ಏನಂದಿ?"

"ಕೆಂಪು. ನಮ್ಮ ಕಾಯಿದು. ನನಗ ಕೆಂಪು ಹಸರು ಎರಡೂ ಒಂದ ಕಾಣ್ತಾವು. ಸಣ್ಣಾವಿದ್ದಾಗಿಂದ. ಲೈಸೆನ್ಸ್ ಆಗಲಿಲ್ಲಲ್ಲ, ಅದು ಬಿ.ಪಿ. ಅಲ್ಲ, ಇದ."

ರುದ್ರಮುನಿ ವಿಮಾನವನ್ನೊಮ್ಮೆ, ಅವನನ್ನೊಮ್ಮೆ ನೋಡಿದ. "ಮತ್ತ ಮೆಣಸಿನಕಾಯಿ?"

"ಮೂಗು."

ರುದ್ರಮುನಿ ವಿಮಾನದ ಗಾಲಿಯ ಪಕ್ಕ ನೆಲದ ಮೇಲೆಯೇ ಕುಕ್ಕರಿಸಿದ. ಮೊದಲು ಅವನ ಭುಜ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಕಣ್ಣಲ್ಲಿ ನೀರು. "ಪ್ಯಾಟಿಗೆ ಪ್ಯಾಟಿನ ನಿನ್ನ ಕಣ್ಣಿಗೆ ಅಂಜತೈತೋ! ಹನೀಫ ಬೆಳಕಿಗೆ ಹಿಡದ ಅಂದ್ರ ನಮ್ಮ ಎದಿ ಡವ್ ಡವ್ ಅಂತಿತ್ತು. ಮಗನ, ಜನ್ಮ ಪೂರ್ತಿ ಮೂಗಿಲೆ ಕೆಂಪು ನೋಡಿದೇನು!" ನಕ್ಕು ನಕ್ಕು ಸಾಕಾಗಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಇದ್ದಕ್ಕಿದ್ದಂತೆ ದನಿ ತಗ್ಗಿಸಿದ. "ನಾ ಯಾರ ಮುಂದೂ ಹೇಳಂಗಿಲ್ಲ. ಮೇಡಂ, ನೀವೂ ಹೇಳಬ್ಯಾಡ್ರಿ. ರೊಟ್ಟಿ ಪ್ರಶ್ನಿ ಐತಿ."

"ನಾನ ಹೇಳ್ತೇನಿ" ಎಂದ ಹನೀಫ. "ಸಂಜೀಕ ನಿನ್ನ ತಮ್ಮನ ಮನಿಗೆ ಹೋಗಿ ಆ ಹುಡುಗನ ಮುಂದ ಹೇಳ್ತೇನಿ. ಇದರಾಗ ದೇವರೂ ಇಲ್ಲ, ಹಟಾನೂ ಇಲ್ಲ, ನಿಮ್ಮ ಹನೀಫ ಕಾಕಾನ ಕಣ್ಣು ಅಷ್ಟ ಅಂತೇನಿ."

"ಅವನ ಮುಂದ ಹೇಳಿದ್ರ ನಾಳೆ ಚೀಲ ಇಳಿಸಾಕ ಬಂದವ್ರಿಗೆಲ್ಲ ಗೊತ್ತಾಗ್ತದೋ."

"ಆಗ್ಲಿ. ಮೂಗು ಎಲ್ಲಿ ಹೋಗ್ತದ, ಇಲ್ಲೇ ಐತಲ್ಲ." ರುದ್ರಮುನಿ ಅವನ ಕೈಗೆ ಚಹಾ ಕೊಟ್ಟ, ತುಂಬಿ ತುಳುಕುವಷ್ಟು.

ಇಷ್ಟು ಹೊತ್ತೂ ಅನೀಸ ಶೆಡ್ಡಿನ ನೆರಳಲ್ಲಿ ನಿಂತಿದ್ದಳು. ಹನೀಫ ಅವಳ ಹತ್ತಿರ ಹೋದ. ಚಹಾದ ಲೋಟ ಅವಳ ಮುಂದೆ ಹಿಡಿದ. ಅವಳು ಒಂದು ಗುಟುಕು ಕುಡಿದು ಹಿಂದಿರುಗಿಸಿದಳು.

"ನಿಕಾಹ್ ಆದ ವಾರದಾಗ ನನಗ ಗೊತ್ತಾಗಿತ್ರಿ" ಎಂದಳು. "ನಾ ಹಸರ ಸೀರಿ ಉಟ್ಟಿದ್ದೆ. ನಿಮ್ಮ ಅಕ್ಕನ ಮುಂದ, ಕೆಂಪ ಸೀರ್ಯಾಗ ಚಂದ ಕಾಣ್ತಾಳ ಅಂತ ಒಳಕೋಣ್ಯಾಗ ಪಿಸುಗುಟ್ಟಿದ್ರಿ, ನಾ ಬಾಗಲದಾಗ ನಿಂತು ಕೇಳಿದ್ದೆ. ಜನ್ಮದಾಗ ಅದೊಂದ ಸಲ ಬಣ್ಣದ ಹೆಸರು ಹೇಳೀರಿ. ನನಗ ಎಷ್ಟ ನಗಿ ಬಂತು ಅಂದ್ರ. ಆಮ್ಯಾಲ ನಗಿ ಬರಲಿಲ್ಲ. ಅಂಗಿ ತಗದಿಡಾಕ ಶುರು ಮಾಡಿದೆ."

"ಮತ್ತ ವಿಮಾನಕ್ಕ ಬಣ್ಣ ಹಚ್ಚಿದಾಗ ಯಾಕ ಹೇಳಲಿಲ್ಲ?"

"ನೀವು ಅದರ ಮುಂದ ನಿಂತು ನಗತಿದ್ರಿ. ಹಂಗ ನಕ್ಕಿದ್ದನ್ನ ನಾ ನೋಡಿದ್ದಿಲ್ಲ. ಹೆಂಗ ಹೇಳ್ಲಿ?"

ಅವನು ಉಳಿದ ಚಹಾ ಕುಡಿದು ಮುಗಿಸಿದ. ಆಮೇಲೆ ಏನೋ ಹೊಳೆದು ತಲೆಯೆತ್ತಿದ. "ಎಲ್ಲಾ ಗೊತ್ತಿದ್ದ ಮ್ಯಾಲ, ಒಂದ ತಿಂಗಳ ನನಗ ಉಪ್ಪಿಲ್ಲದ ಕೂಳು ಯಾಕ ಹಾಕಿದಿ?"

"ಸುಳ್ಳು ಹೇಳಿದ್ರಲ್ಲ, ಅದಕ್ಕ" ಎಂದಳು ಅನೀಸ. "ಖರೇ ಯಾವಾಗ ಹೇಳ್ತಾರ ನೋಡೋಣು ಅಂತ ಕಾಯಾಕತ್ತಿದ್ದೆ. ನಿಮ್ಮ ನಾಲಿಗಿ ನಾ ತಿಳಿದಿದ್ದಕ್ಕಿಂತ ಗಟ್ಟಿ ಐತಿ."

ಪುಷ್ಪಕ್‌ಗೆ ಗುಂಡಿ ಒತ್ತಿದರೆ ಚಾಲೂ ಆಗುವ ಸೌಭಾಗ್ಯವಿಲ್ಲ. ಮುಂದಿನ ಪಂಖವನ್ನು ಕೈಯಿಂದ ತಿರುಗಿಸಬೇಕು. ಆ ಕೆಲಸವನ್ನು ಹನೀಫ ತಿಂಗಳುಗಟ್ಟಲೆ ಕಲಿತಿದ್ದ, ಇನ್ನೊಬ್ಬರಿಗೆ ಬಿಡುವವನಲ್ಲ. ಸುರೇಖಾ ಒಳಗಿನಿಂದ ಸನ್ನೆ ಮಾಡಿದಳು. ಗಾಲಿಯ ಮುಂದೆ ಕಲ್ಲು ಕೊಟ್ಟಿದ್ದನ್ನು ನೋಡಿಕೊಂಡು, ಎರಡು ಕೈಯಲ್ಲಿ ಪಂಖ ಹಿಡಿದು, ಬಿಸ್ಮಿಲ್ಲಾ ಎಂದು ಕೆಳಗೆಳೆದು ಹಿಂದಕ್ಕೆ ಜಿಗಿದ. ಕೆಮ್ಮಿ ನಿಂತಿತು. ಮತ್ತೊಮ್ಮೆ ಎಳೆದ. ಈ ಸಲ ಹಿಡಿಯಿತು. ಗಾಳಿ ಹಿಂದಕ್ಕೆ ನುಗ್ಗಿ, ಬಟ್ಟೆಯ ಸಂದಿಯಲ್ಲಿದ್ದ ಎರಡು ಮಳೆಗಾಲದ ಖಾರದ ಪುಡಿಯೆಲ್ಲ ಎದ್ದು, ರುದ್ರಮುನಿ ತೆಂಗಿನಕಾಯಿ ಒಡೆಯುವುದನ್ನು ಬಿಟ್ಟು ಕೆಮ್ಮುತ್ತ ಓಡಿದ. ಕಲ್ಲು ತೆಗೆದರು. ಪುಷ್ಪಕ್ ಮೂಗು ಮೇಲೆತ್ತಿಕೊಂಡೇ ಆಚೆ ಈಚೆ ಇಣುಕಿ ನೋಡುತ್ತ ರನ್‌ವೇಯ ತುದಿಗೆ ಹೋಗಿ ತಿರುಗಿ ನಿಂತಳು. ಹನೀಫ ತನಗರಿವಿಲ್ಲದೆ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದ. ತಾನು ಒಳಗಿಲ್ಲವೆಂಬ ದುಃಖವೋ, ಅವಳು ಹೋಗುತ್ತಾಳೆಂಬ ಹಿಗ್ಗೋ, ಅವನಿಗೆ ಬಿಡಿಸಿ ಹೇಳಲಾಗುತ್ತಿರಲಿಲ್ಲ. ಎಂಜಿನ್ನಿನ ದನಿ ಏರಿತು. ಓಡತೊಡಗಿದಳು. ಮೊದಲು ಬಾಲ ಎದ್ದಿತು, ಅರವತ್ತು ವರ್ಷದ ಮುದುಕಿ ಒಮ್ಮೆಲೇ ನಡು ನೆಟ್ಟಗೆ ಮಾಡಿದಂತೆ. ಗಾಲಿಗಳು ಒಂದೆರಡು ಸಲ ನೆಲ ಮುಟ್ಟಿ ಬಿಟ್ಟು, ಮತ್ತೆ ಮುಟ್ಟಲಿಲ್ಲ.

ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಕುಡುಗೋಲು ಹಿಡಿದೇ ಎದ್ದು ನಿಂತರು. ರುದ್ರಮುನಿ ತಲೆಯ ಟವೆಲ್ ಬಿಚ್ಚಿ ಬೀಸುತ್ತ, "ಹೋತಲೋ, ಹೋತು!" ಎಂದು ಕೂಗುತ್ತಿದ್ದ. ವಿಮಾನ ದೇವರಗುಡ್ಡದ ದಿಕ್ಕಿಗೆ ಹೋಗಿ, ದೊಡ್ಡದಾಗಿ ಬಳಸಿ, ಬಿಸಿಲಿನ ಕಡೆಯಿಂದ ಅವರ ನೆತ್ತಿಯ ಮೇಲೆ ಬಂತು. ಹನೀಫ ಅನೀಸಳ ಪಕ್ಕಕ್ಕೆ ಸರಿದ.

"ಯಾವ ಬಣ್ಣ ಕಾಣಾಕತ್ತದ?" ಎಂದು ಕೇಳಿದ. ಹುಟ್ಟಿದ ಮೇಲೆ ಈ ಪ್ರಶ್ನೆಯನ್ನು ಅವನು ಯಾರಿಗೂ ಕೇಳಿರಲಿಲ್ಲ.

ಅನೀಸ ಸೆರಗನ್ನು ಹಣೆಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. "ಕರ್ರಗ ಕಾಣ್ತದ್ರಿ. ಬೆಳಕಿಗೆ ಅಡ್ಡ ಹೋಗ್ಯಾಳ, ಬಣ್ಣಾನ ತಿಳೀವಲ್ದು."

"ನನಗೂ ಕರ್ರಗ ಕಾಣ್ತದ."

"ಹೌದ್ರಿ" ಎಂದಳು ಅನೀಸ. "ಎಲ್ಲಾರಿಗೂ ಹಂಗ ಕಾಣ್ತದ."